ಬೆಂದ ಕಾಳು, ಬಸವನ ಪಾಲು

ಬೆಂಗಳೂರಿನವನಿಗೆ ಎರಡು ಪಂಚಾಂಗಗಳು. ಒಂದು ಗೋಡೆಯ ಮೇಲೆ ತೂಗುವಂಥದು. ತಿಥಿ, ವಾರ, ನಕ್ಷತ್ರಗಳನ್ನು ಹೇಳುತ್ತದೆ. ಇನ್ನೊಂದು ಬುಟ್ಟಿಯಲ್ಲಿ ಬಂದು ಬೀದಿಯ ತಿರುವಿನಲ್ಲಿ ಕೂರುವಂಥದು. ಕಾರ್ತಿಕ ಮುಗಿಯುತ್ತ ಬಂದಾಗ ಕಡಲೆಕಾಯಿ, ಮಾರ್ಗಶಿರ ಪುಷ್ಯಗಳಲ್ಲಿ ಅವರೆಕಾಯಿ, ಸಂಕ್ರಾಂತಿಗೆ ಕಬ್ಬು ಗೆಣಸು, ವೈಶಾಖದಲ್ಲಿ ಮಾವು, ಆಷಾಢದ ಜಿಟಿಜಿಟಿ ಮಳೆಯಲ್ಲಿ ನೇರಳೆ. ಮೊದಲನೆಯ ಪಂಚಾಂಗವನ್ನು ನೋಡುವುದನ್ನು ಬಿಟ್ಟುಬಿಟ್ಟವರು ಸಹ ಎರಡನೆಯದನ್ನು ಬಿಟ್ಟಿಲ್ಲ. ಸಂಜೆ ಕಛೇರಿಯಿಂದ ಮನೆಗೆ ಹಿಂದಿರುಗುವವನ ಮೂಗಿಗೆ ಅವರೆಯ ಸೊಗಡು ಬಡಿಯಿತೆಂದರೆ ಸಾಕು, ಚಳಿಗಾಲ ಬಂದಿತೆಂದು ಹವಾಮಾನ ಇಲಾಖೆಯವರು ಅವನಿಗೆ ಬೇರೆ ತಿಳಿಸಬೇಕಾಗಿಲ್ಲ.

ಈ ಎರಡನೆಯ ಪಂಚಾಂಗದ ಚರಿತ್ರೆಯನ್ನು ಬರೆದವರು ಕಡಮೆ. ಊರಿನ ಇತಿಹಾಸವೆಂದರೆ ನಮಗೆ ಕೋಟೆ, ಕೊತ್ತಲ, ಮುತ್ತಿಗೆ, ಒಪ್ಪಂದ. ಆ ಕೋಟೆಯೊಳಗಿನವರು ಏನು ತಿಂದರು, ಅದನ್ನು ಯಾರು ಬೆಳೆದು ತಂದರು ಎಂಬ ಪ್ರಶ್ನೆಯನ್ನು ಪುಸ್ತಕಗಳು ಸಾಮಾನ್ಯವಾಗಿ ಐತಿಹ್ಯಕ್ಕೆ ಬಿಟ್ಟುಕೊಡುತ್ತವೆ. ಬೆಂಗಳೂರಿಗೆ ಅಂಥ ಐತಿಹ್ಯಗಳು ಎರಡಿವೆ. ಎರಡೂ ಊಟದವು. ಎರಡೂ ಕಾಲಗಣನೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದಿಲ್ಲ. ಆದರೂ ಶಾಸನಗಳು ಹೇಳದ ಒಂದು ಮಾತನ್ನು ಇವು ಹೇಳುತ್ತಿವೆಯೆಂದು ನನಗೆ ಬಹಳ ದಿನಗಳಿಂದ ಅನ್ನಿಸುತ್ತಿದೆ.

ಮೊದಲನೆಯದು ಎಲ್ಲರಿಗೂ ಗೊತ್ತಿರುವುದೇ. ಹೊಯ್ಸಳರ ವೀರಬಲ್ಲಾಳ ಬೇಟೆಗೆ ಬಂದು ದಾರಿ ತಪ್ಪಿದ. ಹಸಿದು ಬಳಲಿದ ಅರಸನಿಗೆ ಗುಡಿಸಲಿನ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟಳು. ಆ ಉಪಕಾರದ ನೆನಪಿಗೆ ಊರು ಬೆಂದಕಾಳೂರಾಯಿತು. ಕಥೆ ಚೆನ್ನಾಗಿದೆ. ಆದರೆ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ ದೊರೆತ ಗಂಗರ ಕಾಲದ ವೀರಗಲ್ಲೊಂದು ಬೆಂಗಳೂರಿನಲ್ಲಿ ನಡೆದ ಕಾಳಗವನ್ನು ಹೆಸರಿಸುತ್ತದೆ. ಅದರ ಕಾಲ ಸುಮಾರು ಕ್ರಿ.ಶ. ೮೯೦. ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು ೧೧೭೩ರಲ್ಲಿ. ಹುಟ್ಟುವುದಕ್ಕೆ ಸುಮಾರು ಮುನ್ನೂರು ವರ್ಷ ಮೊದಲೇ ನಾಮಕರಣವಾಗಿದ್ದ ಊರಿಗೆ ಆ ಅರಸ ಹೆಸರಿಡುವುದು ಹೇಗೆ? ಕಲ್ಲಿನ ಮುಂದೆ ಕಥೆ ಸೋಲಲೇಬೇಕು.

ಎರಡನೆಯದು ಬಸವನಗುಡಿಯದು. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಗಳ ರೈತರು ಕಡಲೆಕಾಯಿ ಬೆಳೆಯುತ್ತಿದ್ದರಂತೆ. ಹುಣ್ಣಿಮೆಯ ರಾತ್ರಿ ಬಸವನೊಂದು ಬಂದು ಬೆಳೆಯನ್ನೆಲ್ಲ ಮೇದು ಹೋಗುತ್ತಿತ್ತು. ಕಾದು ಕುಳಿತು ಅಟ್ಟಿದರೆ ಅದು ಗುಡ್ಡದ ಮೇಲೆ ಕಲ್ಲಾಗಿ ಕುಳಿತುಬಿಟ್ಟಿತು, ಮತ್ತು ಬೆಳೆಯತೊಡಗಿತು. ರೈತರು ಗುಡಿ ಕಟ್ಟಿಸಿ, ವರ್ಷದ ಮೊದಲ ಫಸಲನ್ನು ಅರ್ಪಿಸುವುದಾಗಿ ಹರಕೆ ಹೊತ್ತರು. ಅದೇ ಕಾರ್ತಿಕದ ಕಡೆಯ ಸೋಮವಾರದ ಕಡಲೆಕಾಯಿ ಪರಿಷೆ. ಗುಡಿಯನ್ನು ಕೆಂಪೇಗೌಡನ ಹೆಸರಿಗೆ ಹಚ್ಚುತ್ತಾರೆ. ಅವನು ಊರಿಗೆ ಕೋಟೆ ಹಾಕಿದ್ದು ೧೫೩೭ರಲ್ಲಿ ಎಂದು ರೂಢಿಯ ಎಣಿಕೆ.

ಇಲ್ಲಿ ಅಡ್ಡ ಬರುವುದು ಕಲ್ಲಲ್ಲ, ಗಿಡ. ಕಡಲೆಕಾಯಿ ನಮ್ಮ ನೆಲದ್ದಲ್ಲ. ಅದರ ತವರು ದಕ್ಷಿಣ ಅಮೆರಿಕ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು ೧೫೧೦ರಲ್ಲಿ. ಅವರ ಹಡಗಿನಿಂದಿಳಿದ ಒಂದು ಕಾಳು ಇಪ್ಪತ್ತೇಳು ವರ್ಷಗಳಲ್ಲಿ ಘಟ್ಟ ಹತ್ತಿ ಬಂದು ನಾಲ್ಕು ಹಳ್ಳಿಗಳ ತುಂಬ ಹರಡಿತೆಂದರೆ ನಂಬುವುದು ಕಷ್ಟ. ದಕ್ಷಿಣ ಭಾರತದಲ್ಲಿ ಅದು ದೊಡ್ಡ ಬೆಳೆಯಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ; ಫ್ರಾನ್ಸಿನ ಮಾರ್ಸೇಯ್ಲ್ಸಿನ ಎಣ್ಣೆ ಗಾಣಗಳಿಗೆ ಪಾಂಡಿಚೇರಿಯಿಂದ ಹಡಗು ಹಡಗು ತುಂಬಿ ಹೋಗುತ್ತಿದ್ದ ಕಾಲ ಅದು. ತಮಿಳಿನಲ್ಲಿ ಅದಕ್ಕೆ ‘ಮಣಿಲಾ ಕೊಟ್ಟೈ’ ಎಂಬ ಹೆಸರುಂಟು. ಹೆಸರೇ ಅದು ಪರಸ್ಥಳದ್ದೆಂದು ಸಾರುತ್ತದೆ. ನಾವು ಕನ್ನಡಿಗರು ಇನ್ನೂ ಜಾಣರು. ಕಡಲೆ ಎಂಬ ನಮ್ಮ ಹಳೆಯ ಕಾಳಿನ ಹೆಸರನ್ನೇ ಹೊಸಬನಿಗೆ ತೊಡಿಸಿ ಕಡಲೆಕಾಯಿ, ನೆಲಗಡಲೆ ಎಂದು ಮನೆಯವನನ್ನಾಗಿ ಮಾಡಿಕೊಂಡೆವು. ಬಡಗಣದವರು ಮಾತ್ರ ಶೇಂಗಾ ಎಂದರು. ಹಾಗಾದರೆ ಬಸವ ಮೇದದ್ದು ಏನನ್ನು? ಹಳೆಯ ಕಡಲೆಯನ್ನೋ, ಅವರೆಯನ್ನೋ, ರಾಗಿಯ ಪೈರನ್ನೋ ಮೇದಿರಬೇಕು. ಹರಕೆ ಹಳೆಯದು, ಹರಕೆಯ ಕಾಳು ಕಾಲಕ್ಕೆ ತಕ್ಕಂತೆ ಬದಲಾಯಿತು ಎಂದು ನನ್ನ ಊಹೆ. ಊಹೆ ಮಾತ್ರ. ಕನ್ನಡ ಮೇಷ್ಟರ ಊಹೆಗೆ ಸಸ್ಯಶಾಸ್ತ್ರದವರು ತಲೆದೂಗಲೇಬೇಕೆಂದಿಲ್ಲ.

ಕಾಲಗಣನೆ ಕೆಟ್ಟಿತು, ಸರಿ. ಉಳಿದದ್ದೇನು? ಮೊದಲ ಕಥೆಯಲ್ಲಿ ಊರಿನ ಹೆಸರೇ ಒಬ್ಬ ಬಡ ಮುದುಕಿಗೆ ಸಲ್ಲಬೇಕಾದ ಋಣ. ಎರಡನೆಯದರಲ್ಲಿ ಹೊರಗಿನಿಂದ ಬಂದ ದೊಡ್ಡ ಪ್ರಾಣಿಯೊಂದು ಹೊಲಗಳನ್ನು ಮೇಯುತ್ತದೆ, ಮೇದಷ್ಟೂ ಬೆಳೆಯುತ್ತದೆ, ತಲೆಯ ಮೇಲೆ ಮೊಳೆ ಹೊಡೆದ ಮೇಲಷ್ಟೇ ಬೆಳೆಯುವುದನ್ನು ನಿಲ್ಲಿಸುತ್ತದೆ. ಆ ಬಸವ ಯಾರೆಂದು ಈ ಊರಿನಲ್ಲಿ ಮನೆ ಮಾಡಿಕೊಂಡಿರುವ ನಮಗೆ ಬಿಡಿಸಿ ಹೇಳಬೇಕೆ?

ಮೇಯುವುದಕ್ಕೆ ಮೊದಲಿನ ಹೊಲಗಳು ಹೇಗಿದ್ದವೆಂಬುದಕ್ಕೆ ಒಳ್ಳೆಯ ಸಾಕ್ಷಿ ಫ್ರಾನ್ಸಿಸ್ ಬುಕಾನನ್. ಟಿಪ್ಪು ಬಿದ್ದ ಮರುವರ್ಷ, ೧೮೦೦ರಲ್ಲಿ, ಕಂಪನಿ ಸರ್ಕಾರದ ಅಪ್ಪಣೆಯ ಮೇರೆಗೆ ಮೈಸೂರು ಸೀಮೆಯನ್ನು ಸುತ್ತಿದ ವೈದ್ಯನೀತ. ಊರಿನ ಸುತ್ತಲ ಬೇಸಾಯವನ್ನು ಅವನು ಗುಮಾಸ್ತನಂತೆ ಬರೆದಿಟ್ಟಿದ್ದಾನೆ. ರಾಗಿಯ ಹೊಲದಲ್ಲಿ ನಡುನಡುವೆ ಸಾಲು ಬಿಟ್ಟು ಅವರೆಯನ್ನೂ ತೊಗರಿಯನ್ನೂ ಬಿತ್ತುತ್ತಿದ್ದರೆಂಬುದು ಅವನ ಬರಹದಿಂದ ತಿಳಿಯುತ್ತದೆ. ನಮ್ಮ ರೈತರ ಅಕ್ಕಡಿ ಸಾಲು ಅದೇ. ಮುಂಗಾರಿನಲ್ಲಿ ರಾಗಿಯ ಜತೆಗೆ ನೆಲಕ್ಕೆ ಬಿದ್ದ ಅವರೆ, ರಾಗಿ ಕೊಯ್ಲಾದ ಮೇಲೆ ಹೊಲವೆಲ್ಲ ತನ್ನದೆಂಬಂತೆ ಹಬ್ಬಿ ಕಾಯಿ ಬಿಡುತ್ತದೆ. ಹೊಲದಲ್ಲಿ ಜೊತೆಗಿದ್ದ ಮುದ್ದೆಯೂ ಸಾರೂ ತಟ್ಟೆಯಲ್ಲಿ ಮತ್ತೆ ಕೂಡುತ್ತವೆ. ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿ, ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿರಿಸಿ, ರಾಗಿಯನ್ನು ಗೆಲ್ಲಿಸಿದರಷ್ಟೆ, ರಾಗಿಯ ಪಕ್ಕದ ಸಾಲಿನಲ್ಲಿ ನಿಂತಿದ್ದ ಅವರೆಗೂ ಆ ಗೆಲುವಿನಲ್ಲಿ ಪಾಲು ಸಿಗಬೇಕಾಗಿತ್ತು.

ಋತುವಿನ ರುಚಿಯನ್ನು ಹುಡುಕಿಕೊಂಡು ಊರ ಹೊರಗೆ ಹೋಗುವುದು ಇಂದಿನ ಕಾರುಗಳ ಜತೆ ಬಂದ ಹವ್ಯಾಸವಲ್ಲ. ತರಗತಿಯಲ್ಲಿ ಅಷ್ಟಾದಶ ವರ್ಣನೆಗಳನ್ನು ಪಾಠ ಮಾಡುವಾಗ ಋತುವರ್ಣನೆ, ವನಕೇಳಿ, ಜಲಕೇಳಿ ಎಂದು ಬಾಯಿಪಾಠದಂತೆ ಹೇಳಿಬಿಡುತ್ತೇವೆ. ಹನ್ನೆರಡನೆಯ ಶತಮಾನದ ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ ತನ್ನ ಸಂಸ್ಕೃತ ‘ಮಾನಸೋಲ್ಲಾಸ’ದಲ್ಲಿ ಈ ವಿಹಾರಗಳನ್ನು ಇನ್ನೂ ನುಣ್ಣಗೆ ವಿಂಗಡಿಸುತ್ತಾನೆ. ಬೆಟ್ಟದ ವಿಹಾರ ಬೇರೆ, ಉದ್ಯಾನದ್ದು ಬೇರೆ, ಹಸುರು ಹುಲ್ಲಿನ ಮೇಲಿನದು ಬೇರೆ, ಮರಳ ದಿಣ್ಣೆಯದು ಬೇರೆ, ಬೆಳುದಿಂಗಳಿನದು ಬೇರೆ. ಬೆಳೆದು ನಿಂತ ಪೈರಿನ ಹೊಲಕ್ಕೆ ಹೋಗುವ ‘ಸಸ್ಯಕ್ರೀಡೆ’ ಅವನ ಪಟ್ಟಿಯಲ್ಲಿ ಪ್ರತ್ಯೇಕವಾಗಿಯೇ ಇದೆ. ಅನ್ನಭೋಗದ ಪ್ರಕರಣದಲ್ಲಿ ಇಂದಿನ ದೋಸೆ ಇಡ್ಲಿಗಳ ಮುತ್ತಜ್ಜಂದಿರು ಬರುತ್ತಾರೆ. ಅರಸನಿಗೆ ಎಲ್ಲ ಗೊತ್ತು. ಹೊಲದವನು ಅರಸನ ಪರಿವಾರವನ್ನು ಕಂಡು ಸಂತೋಷಪಟ್ಟನೋ, ಪೈರು ತುಳಿದುಹೋಗುತ್ತದೆಂದು ಕೈ ಹಿಸುಕಿಕೊಂಡನೋ, ಅದನ್ನು ಅರಸ ಬರೆಯಲಿಲ್ಲ.

ಅರಸರದು ಅರಸರಿಗಾಯಿತು. ಪೇಟೆಯ ಗೃಹಸ್ಥನ ವಿಹಾರಕ್ಕೆ ದೇವರ ನೆಪ ಬೇಕಾಗಿತ್ತು. ಕಾರ್ತಿಕದ ವನಭೋಜನವೆಂದರೆ ನೆಲ್ಲಿಯ ಮರದ ಕೆಳಗೆ ಪೂಜೆ, ಆಮೇಲೆ ಅಲ್ಲಿಯೇ ಎಲೆ ಹಾಕಿ ಊಟ. ಪೂಜೆ ಎಷ್ಟು ಹೊತ್ತು, ಊಟ ಎಷ್ಟು ಹೊತ್ತು ಎಂದು ಕೇಳಬಾರದು. ಜಾತ್ರೆಗಳೂ ಹಾಗೆಯೇ. ಕೋಟೆಯ ಬಾಗಿಲಿನಿಂದ ದೊಡ್ಡ ಬಸವನ ಗುಡ್ಡದವರೆಗಿನ ದಾರಿ ಹೊಲ, ತೋಪು, ಕೆರೆಗಳ ನಡುವೆಯೇ ಸಾಗುತ್ತಿತ್ತು. ಪರಿಷೆಗೆ ಹೋದವನು ಕಾಯಿ ಕಿತ್ತ ಹೊಲವನ್ನು ಕಣ್ಣಿನಿಂದ ಕಂಡು, ಅದೇ ಹೊಲದ ಕಾಯನ್ನು ಮಡಿಲಿಗೆ ಹಾಕಿಸಿಕೊಂಡು ಬರಬಹುದಾಗಿತ್ತು. ಬೆಳೆದವನ ಮುಖವೂ ಬೆಳೆಯ ರುಚಿಯೂ ಒಂದೇ ದಿನ ಪರಿಚಯವಾಗುತ್ತಿದ್ದುವು.

ಆಮೇಲಿನದು ಎಲ್ಲರೂ ಬಲ್ಲ ಕಥೆ. ಬೇಗ ಹೇಳಿ ಮುಗಿಸುತ್ತೇನೆ. ಹೈದರಾಲಿ ೧೭೬೦ರಲ್ಲಿ ಲಾಲ್‌ಬಾಗಿಗೆ ಮೊದಲು ಹಾಕಿದ. ೧೮೦೯ರಲ್ಲಿ ದಂಡು ಬಂದಿತು. ದಂಡಿನ ದೊರೆಗಳ ಮೇಜಿಗೆ ಕೋಸು, ಬೀನ್ಸು, ಆಲೂಗಡ್ಡೆ ಬೇಕಾದುವು. ೧೮೭೪ರಿಂದ ಲಾಲ್‌ಬಾಗಿನ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮೆರಾನ್ ಹೊರದೇಶಗಳ ಸಸಿಗಳನ್ನು ತಂದು ಒಗ್ಗಿಸಿದ. ಸೀಮೆಬದನೆ ಅವನ ಕೈಯಿಂದ ಬಂದದ್ದು. ಅದಕ್ಕೆ ತಮಿಳರೂ ತೆಲುಗರೂ ‘ಬೆಂಗಳೂರು ಬದನೆ’ ಎನ್ನುತ್ತಾರೆ. ಅಮೆರಿಕದ ಬಳ್ಳಿಗೆ ನಮ್ಮೂರಿನ ಹೆಸರು, ನಮ್ಮ ಬಾಯಲ್ಲಿ ಅದು ಸೀಮೆಯದು! ಈ ತೋಟಗಾರಿಕೆಯ ಹಿಂದೆ ಇದ್ದ ಕೈಗಳಲ್ಲಿ ತಿಗಳರವು ಮುಖ್ಯವಾದುವು. ಕೆರೆಗಳ ಕೆಳಗಿನ ತೋಟಗಳಲ್ಲಿ ಹೂ, ಹಣ್ಣು, ಸೊಪ್ಪು, ತರಕಾರಿ ಬೆಳೆದು ಪೇಟೆಗೆ ಉಣಿಸಿದ ಜನ. ಚೈತ್ರ ಹುಣ್ಣಿಮೆಯ ಕರಗವನ್ನು ನೋಡಲು ಊರಿಗೆ ಊರೇ ನೆರೆಯುತ್ತದೆ. ಅದು ತೋಟಗಾರರ ಹಬ್ಬವೆಂಬುದು ಎಷ್ಟು ಜನಕ್ಕೆ ನೆನಪಿರುತ್ತದೆಯೊ. ಸಂಪಂಗಿ ಕೆರೆಯ ಬಹುಭಾಗ ಕಂಠೀರವ ಕ್ರೀಡಾಂಗಣವಾಯಿತು, ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು. ಕೆರೆ ಹೋದ ಕಡೆ ಅದರ ನೀರು ಕುಡಿಯುತ್ತಿದ್ದ ತೋಟ ಉಳಿಯುವುದೆಂತು?

೧೮೯೮ರಲ್ಲಿ ಪ್ಲೇಗು ಬಂದಿತು. ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಗಾಳಿಯಾಡುವ ಬಡಾವಣೆಗಳಿಗೆ ಜನ ಹೊರಟರು. ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು ಹೀಗೆ. ಸುಂಕೇನಹಳ್ಳಿಯ ಹೊಲಗಳ ಮೇಲೆ ಅಗಲವಾದ ರಸ್ತೆಗಳೂ ತೆಂಗಿನ ಮರದ ಹಿತ್ತಲುಗಳೂ ಎದ್ದುವು. ಬಸವನಗುಡಿಯವರ ಸುಸಂಸ್ಕೃತ ಜೀವನವನ್ನು ನಾವೆಲ್ಲ ಮೆಚ್ಚಿಕೊಂಡವರೇ, ಡಿ.ವಿ.ಜಿ., ಮಾಸ್ತಿಯವರಂಥ ಹಿರಿಯರು ನಡೆದಾಡಿದ ಬೀದಿಗಳು ಅವು. ಆದರೆ ಬಸವನ ಕಣ್ಣೆದುರಿನಲ್ಲಿಯೇ ಬಸವನ ಹೊಲ ಹೋಯಿತು ಎಂಬುದನ್ನೂ ಹೇಳಬೇಕು. ಮಾವಳ್ಳಿ ಎಂದರೆ ಈಗ ಹೋಟೆಲಿನ ನೆನಪು. ಗುಟ್ಟಹಳ್ಳಿ ಗವಿಪುರದ ಬಾಲಕ್ಕೆ ಅಂಟಿಕೊಂಡಿದೆ. ಸುಂಕೇನಹಳ್ಳಿ ಬಹುಕಾಲ ನಗರಪಾಲಿಕೆಯ ವಾರ್ಡಿನ ಹೆಸರಾಗಿತ್ತು.

ವಿಚಿತ್ರವೆಂದರೆ ಹೊಲ ಹೋದರೂ ಪರಿಷೆ ಹೋಗಲಿಲ್ಲ. ಹೋಗುವುದಿರಲಿ, ಒಂದು ದಿನದ್ದು ಈಚಿನ ವರ್ಷಗಳಲ್ಲಿ ಹಲವು ದಿನಗಳಿಗೆ ಹಿಗ್ಗಿದೆ. ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ, ಮಾಗಡಿ, ತುಮಕೂರು, ಇತ್ತ ಮಂಡ್ಯ, ಗಡಿಯಾಚೆ ಆಂಧ್ರ ತಮಿಳುನಾಡುಗಳಿಂದ ಮೂಟೆಗಳು ಬರುತ್ತವೆ. ರಾಮಕೃಷ್ಣಾಶ್ರಮದಿಂದ ಗುಡಿಯವರೆಗೆ ರಸ್ತೆಯ ಎರಡು ಕಡೆಯೂ ಗುಡ್ಡೆಗಳು. ಹಸಿಯದು, ಒಣಗಿದ್ದು, ಹುರಿದದ್ದು, ಉಪ್ಪು ಹಾಕಿ ಬೇಯಿಸಿದ್ದು. ಎರಡು ಬೀಜದ್ದು, ಮೂರು ಬೀಜದ್ದು. ಮಣ್ಣಿನ ವಾಸನೆ ಇನ್ನೂ ಬಿಡದ ಕಾಯಿಯನ್ನು ಬೆರಳಿನಿಂದ ಒತ್ತಿ ‘ಟಪ್’ ಎನ್ನಿಸಿ ಬಾಯಿಗೆ ಹಾಕಿಕೊಂಡು, ಬೆಲೆ ಕೇಳಿ, ಮುಂದಿನ ಗುಡ್ಡೆಗೆ ಹೋಗಿ ಅಲ್ಲಿಯೂ ಒಂದನ್ನು ಒತ್ತುವುದು ಪರಿಷೆಯ ಸಂಪ್ರದಾಯ. ಗುಡ್ಡದ ತುದಿ ಮುಟ್ಟುವ ವೇಳೆಗೆ ಹೊಟ್ಟೆ ಅರ್ಧ ತುಂಬಿರುತ್ತದೆ. ಸೇರಿನ ಅಳತೆ ಅಳಿಯದೆ ಉಳಿದಿದೆ. ಅಳೆದ ಮೇಲೆ ಒಂದು ಹಿಡಿ ಕೊಸರು ಕೇಳುವುದೂ ಉಳಿದಿದೆ. ಕಾಲೇಜಿನ ಹುಡುಗರು, ನೌಕರಿ ಹುಡುಕಿಕೊಂಡು ಉತ್ತರದ ರಾಜ್ಯಗಳಿಂದ ಬಂದವರು, ಕನ್ನಡ ಬಾರದವರು ಎಲ್ಲರೂ ಬರುತ್ತಾರೆ. ಕೊಸರು ಎಂಬ ಒಂದು ಮಾತನ್ನಾದರೂ ಅವರು ಇಲ್ಲಿ ಕಲಿತು ಹೋದರೆ ನನಗೆ ತೃಪ್ತಿ.

ಅವರೆಯ ಚರಿತ್ರೆ ಇನ್ನೂ ಸೂಕ್ಷ್ಮವಾದುದು. ನಮ್ಮ ನಾಟಿ ಅವರೆ ಸೂರ್ಯನ ಲೆಕ್ಕ ಬಲ್ಲ ಗಿಡ. ಹಗಲು ಕುಗ್ಗಿದ ಮೇಲೆಯೇ ಅದು ಹೂ ಬಿಡುವುದು. ಎಂದು ಬಿತ್ತಿದರೂ ಸರಿ, ಹೂವಿಗೆ ಕಾರ್ತಿಕದ ಆಚೀಚೆಯ ಕಾಲವೇ ಬರಬೇಕು. ಆದ್ದರಿಂದಲೇ ಅವರೆಗೆ ‘ಕಾಲ’ ಎಂಬುದಿತ್ತು. ಇಬ್ಬನಿ ಬಿದ್ದಷ್ಟೂ ಸೊಗಡು ಹೆಚ್ಚು ಎನ್ನುತ್ತಾರೆ ಮಾಗಡಿಯ ಕಡೆಯವರು. ಕಾಯಿಯ ಸಿಪ್ಪೆಯ ಮೇಲೆ ಜಿಗುಟಾಗಿ ಅಂಟುವ ಆ ಎಣ್ಣೆಯ ವಾಸನೆ ಬಿಡಿಸಿದವರ ಬೆರಳಿನಲ್ಲಿ ಮಾರನೆಯ ದಿನದವರೆಗೂ ಇರುತ್ತದೆ. ೧೯೬೪ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾನಿಲಯದವರು ಈ ಕಟ್ಟನ್ನು ಬಿಡಿಸಿದರು. ಹಗಲಿನ ಉದ್ದಕ್ಕೆ ಮಣಿಯದ ‘ಹೆಬ್ಬಾಳ ಅವರೆ’ ಹುಟ್ಟಿತು. ವರ್ಷದ ಯಾವ ತಿಂಗಳಲ್ಲಾದರೂ ಕಾಯಿ. ರೈತನಿಗೆ ಅದು ವರವೇ. ಮೂರು ತಿಂಗಳ ಬೆಳೆಯನ್ನು ಎರಡು ಸಲ ತೆಗೆದು ನಾಲ್ಕು ಕಾಸು ಹೆಚ್ಚು ಕಾಣುವವನಿಗೆ ‘ಸೊಗಡಿಲ್ಲವಲ್ಲ’ ಎಂದು ಮೂಗು ಮುರಿಯುವ ಅಧಿಕಾರ ಪೇಟೆಯವನಿಗಿಲ್ಲ. ನಾನೂ ಮೂಗು ಮುರಿಯುವವನೇ. ಆದರೂ ಅಧಿಕಾರವಿಲ್ಲವೆಂದೇ ಹೇಳುತ್ತೇನೆ.

ಹಿತಕಿದ ಬೇಳೆಯ ವಿಚಾರವನ್ನು ಹೇಳದಿದ್ದರೆ ಈ ಚರಿತ್ರೆ ಗಂಡಸರ ಚರಿತ್ರೆಯಾದೀತು. ಕಾಯಿ ಬಿಡಿಸಬೇಕು, ಕಾಳನ್ನು ನೀರಿನಲ್ಲಿ ನೆನೆಹಾಕಬೇಕು, ಒಂದೊಂದನ್ನೇ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿತಕಿ ಸಿಪ್ಪೆಯಿಂದ ಹಾರಿಸಬೇಕು. ನಾಲ್ಕು ಜನಕ್ಕೆ ಸಾಲುವಷ್ಟು ಬೇಳೆಗೆ ಒಂದು ಸಂಜೆಯೇ ಹೋಗುತ್ತದೆ. ಋತುವಿನ ರುಚಿಯೆಂದು ಕವಿಗಳೂ ಪತ್ರಿಕೆಗಳಿಗೆ ಬರೆಯುವ ನನ್ನಂಥವರೂ ಕೊಂಡಾಡುವ ಈ ಭಾಗ್ಯ ತಲೆಮಾರುಗಳ ಕಾಲ ಹೆಂಗಸರ ಉಗುರಿನ ಸಂದಿಯಿಂದ ಬಂದದ್ದು. ಈಗ ಹಿತಕಿದ ಬೇಳೆಯೇ ಪೊಟ್ಟಣದಲ್ಲಿ ಸಿಗುತ್ತದೆ. ಸಜ್ಜನ್ ರಾವ್ ವೃತ್ತದ ಬಳಿ ಆರಂಭವಾಗಿ, ಜನಸಂದಣಿಯ ಒತ್ತಡಕ್ಕೆ ೨೦೨೩ರಲ್ಲಿ ನ್ಯಾಷನಲ್ ಕಾಲೇಜಿನ ಮೈದಾನಕ್ಕೆ ಹೋದ ಅವರೆ ಮೇಳದಲ್ಲಿ ಅವರೆಯ ದೋಸೆ, ಅವರೆಯ ಜಿಲೇಬಿ, ಅವರೆಯ ಜಾಮೂನು ಎಲ್ಲ ಉಂಟು. ಜಾಮೂನು ನನಗೆ ಅತಿಯೆನ್ನಿಸಿತು. ಹಿತಕುವ ಕೆಲಸ ಮನೆಯಿಂದ ಹೊರಟು ಕೂಲಿಯ ಕೈಗಳಿಗೆ ಹೋಯಿತೆಂಬುದು ನಷ್ಟವಲ್ಲ. ಕೂಲಿ ಸರಿಯಾಗಿ ಸಿಗುತ್ತದೆಯೆ ಎಂಬುದನ್ನು ಮಾತ್ರ ಸಾರಿನ ಜತೆಗೆ ಯಾರೂ ವಿಚಾರಿಸುವುದಿಲ್ಲ.

ಊರು ಹಿಗ್ಗಿದಂತೆ ವಿಹಾರದ ಗಡಿಯೂ ದೂರ ಸರಿಯಿತು. ಒಂದು ಕಾಲಕ್ಕೆ ಲಾಲ್‌ಬಾಗಿನ ಬಂಡೆಯೇ ಊರಾಚೆ. ಆಮೇಲೆ ಹೆಸರಘಟ್ಟ, ತಿಪ್ಪಗೊಂಡನಹಳ್ಳಿ. ಈಗ ಬೆಳಗಿನ ಜಾವ ಕಾರು ಮೋಟಾರ್ ಸೈಕಲ್ಲುಗಳ ಸಾಲು ನಂದಿಬೆಟ್ಟಕ್ಕೆ ಹೊರಡುತ್ತದೆ. ಗಾಂಧೀಜಿ ೧೯೨೭ರಲ್ಲಿಯೂ ೧೯೩೬ರಲ್ಲಿಯೂ ಅಲ್ಲಿ ವಿಶ್ರಾಂತಿಗೆಂದು ತಂಗಿದ್ದರು. ದಾರಿಯಲ್ಲಿ ದೇವನಹಳ್ಳಿ. ಅಲ್ಲಿಯ ಚಕ್ಕೋತಕ್ಕೆ ಭೌಗೋಳಿಕ ಗುರುತಿನ ಮುದ್ರೆ ಸಿಕ್ಕಿದೆ, ಬೆಂಗಳೂರು ನೀಲಿ ದ್ರಾಕ್ಷಿಗೂ ಸಿಕ್ಕಿದೆ. ೨೦೦೮ರಲ್ಲಿ ಅದೇ ದೇವನಹಳ್ಳಿಯ ಮಗ್ಗುಲಲ್ಲಿ ವಿಮಾನ ನಿಲ್ದಾಣ ಬಂದು, ಸುತ್ತಲ ಭೂಮಿಯ ಬೆಲೆ ಹಣ್ಣಿನ ಬೆಲೆಯನ್ನು ನುಂಗಿತು. ಹಣ್ಣಿಗೆ ಮುದ್ರೆ, ತೋಟಕ್ಕೆ ನಿವೇಶನದ ಕಲ್ಲು. ಸುಂಕೇನಹಳ್ಳಿಯಲ್ಲಿ ನಡೆದದ್ದೇ ಅಲ್ಲಿಯೂ ನಡೆಯುತ್ತಿದೆ. ವೇಗ ಮಾತ್ರ ಹೆಚ್ಚು.

ಇನ್ನು ಬಸವನ ಕಥೆಗೆ ಒಂದು ಉಪಕಥೆಯುಂಟು. ವೃಷಭಾವತಿ ನದಿ ದೊಡ್ಡ ಬಸವನ ಪಾದದಲ್ಲಿ ಹುಟ್ಟುತ್ತದೆಂದು ಪ್ರತೀತಿ. ಆ ನದಿ ಈಗ ಊರಿನ ಅರ್ಧ ಕೊಳೆಯನ್ನು ಹೊತ್ತುಕೊಂಡು ಬಿಡದಿಯ ಬಳಿಯ ಬೈರಮಂಗಲ ಜಲಾಶಯವನ್ನು ಸೇರುತ್ತದೆ. ನೀರಾವರಿಗೆಂದು ಕಟ್ಟಿದ ಜಲಾಶಯ. ಕೆಳಗಿನ ರೈತರು ನೊರೆ ಏಳುವ ಆ ನೀರಿನಲ್ಲಿಯೇ ಬೆಳೆಯುತ್ತಾರೆ, ಬೆಳೆದದ್ದು ಮತ್ತೆ ಪೇಟೆಗೆ ಬರುತ್ತದೆ. ಪೂರ್ವ ದಿಕ್ಕಿನಲ್ಲಿ ಲೆಕ್ಕ ಸ್ವಲ್ಪ ಮೇಲು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಶುದ್ಧೀಕರಿಸಿ ೨೦೧೮ರಿಂದ ಕೋಲಾರದ ಬತ್ತಿದ ಕೆರೆಗಳಿಗೆ ಹರಿಸುತ್ತಿದ್ದಾರೆ. ಎರಡು ಹಂತದ ಶುದ್ಧೀಕರಣ ಸಾಕೆ, ಮೂರನೆಯದು ಬೇಡವೆ ಎಂಬ ವಾದ ನ್ಯಾಯಾಲಯದವರೆಗೂ ಹೋಯಿತು. ಕೆರೆಗಳು ತುಂಬಿದ್ದು ನಿಜ, ಬತ್ತಿದ ಕೊಳವೆಬಾವಿಗಳಿಗೆ ಜೀವ ಬಂದದ್ದೂ ನಿಜ. ರೈತರ ಅನುಮಾನವೂ ನಿಜ.

ಒಂದು ಪರಿಷೆಯಲ್ಲಿ ಕೋಲಾರದ ಕಡೆಯ ಮುದುಕನೊಬ್ಬನಿಂದ ಎರಡು ಸೇರು ಹಸಿಗಾಯಿ ಅಳೆಸಿಕೊಂಡೆ. “ಇದಕ್ಕೂ ಕೆರೆಯ ನೀರೇನಪ್ಪ?” ಎಂದು ಕೇಳಿದೆ. “ಇಲ್ಲ ಸ್ವಾಮಿ, ಕಡಲೆಕಾಯಿ ಮಳೆದು. ಟೊಮೇಟೋ ನಿಮ್ಮೂರ ನೀರ್ದು” ಎಂದ. ಹಿಡಿ ತುಂಬ ಕೊಸರು ಹಾಕಿ, ಚೀಲದ ಬಾಯಿ ಕಟ್ಟಿ, ಹಿಂದೆ ನಿಂತಿದ್ದ ಹುಡುಗಿಗೆ ಸೇರನ್ನು ತೋರಿಸಿ “ನಿಂಗೆಷ್ಟಮ್ಮ?” ಎಂದ.